ಹಿದುಕಿದವರೆ, ಕುಂಬಳಕಾಯಿ ಮತ್ತು ನೀಲಿ ಡಬ್ಬಿಯ ಚೀಟಿಗಳು

ಡಿಸೆಂಬರ್ 31ರ ಮಧ್ಯಾಹ್ನ ನಮ್ಮ ಹಜಾರದಲ್ಲಿ ಕಾಲಿಡೋಕೆ ಜಾಗ ಇರೋದಿಲ್ಲ. ಚಾಪೆ ಹಾಸಿ, ಹಿಂದಿನ ರಾತ್ರಿ ನೆನೆಹಾಕಿದ ಅವರೆಕಾಳನ್ನು ಮೂರು ದೊಡ್ಡ ಪಾತ್ರೆಯಲ್ಲಿ ನಡುವೆ ಇಟ್ಟು, ಸುತ್ತ ಒಂಬತ್ತು ಮನೆಯವರು ಕೂತಿರುತ್ತೇವೆ. ಹೆಬ್ಬೆರಳು ತೋರುಬೆರಳ ನಡುವೆ ಕಾಳು ಹಿಡಿದು ಒಂದೇ ಒತ್ತು ಒತ್ತಿದರೆ ಬೇಳೆ ಪುಳಕ್ಕನೆ ಜಾರಿ ಬಟ್ಟಲಿಗೆ ಬೀಳಬೇಕು. ಕೈ ಪಳಗದವರದು ಎದುರಿಗಿದ್ದವರ ಕನ್ನಡಕಕ್ಕೆ ಹಾರುತ್ತದೆ. ಸಂಜೆಯ ಹೊತ್ತಿಗೆ ಎಲ್ಲರ ಬೆರಳಿಗೂ ಸೊಗಡು ಹತ್ತಿಕೊಂಡು, ಸೋಪು ಹಾಕಿ ತೊಳೆದರೂ ಹೋಗದೆ, ರಾತ್ರಿ ಆರಾಧನೆಯಲ್ಲಿ ಕೈಮುಗಿದು ನಿಂತರೆ ಮೂಗಿಗೆ ಅವರೆಕಾಯಿಯ ವಾಸನೆಯೇ ಬರುತ್ತಿರುತ್ತದೆ.

ಹತ್ತೂವರೆಗೆ ದೇವಾಲಯದಲ್ಲಿ ವರ್ಷಾಂತ್ಯದ ಆರಾಧನೆ. ಅದಕ್ಕೆ ಮುಂಚೆ ರೊಟ್ಟಿ, ಹಿದುಕಿದ ಬೇಳೆ ಸಾರು. ಅದಕ್ಕೂ ಮುಂಚೆ, ಕೈ ಕಾಳಿನಲ್ಲಿರುವಾಗ, ಹಳೇ ವರ್ಷದ ಲೆಕ್ಕ. ಇದು ನಮ್ಮ ಬುಧವಾರದ ಮನೆಕೂಟದ ಪದ್ಧತಿ. ಯಾರೂ ಕೂತು ಯೋಚಿಸಿ ಮಾಡಿದ್ದಲ್ಲ. ಒಂದು ವರ್ಷ ಕಾಳು ಜಾಸ್ತಿ ಆಗಿ ಎಲ್ಲರನ್ನೂ ಬೇಗ ಕರೆದೆವು, ಅಷ್ಟೇ. ಆಮೇಲೆ ಗೊತ್ತಾಯಿತು, ಮುಖ ನೋಡಿಕೊಂಡು ಬಾಯಿಬಿಡದ ಗಂಡಸರು ಸಹ ಕಾಳು ನೋಡಿಕೊಂಡು ಮಾತಾಡುತ್ತಾರೆ ಅಂತ.

ನಮ್ಮದು ತುಮಕೂರು. ಈ ಸೀಮೆಯ ಕನ್ನಡ ಸಭೆಗಳ ಬೇರು ಬಹುಪಾಲು ವೆಸ್ಲಿಯನ್ ಮಿಷನ್ನಿನದು, ಅಂದರೆ ಇಂಗ್ಲೆಂಡಿನ ಮೆಥಡಿಸ್ಟ್ ಪಂಥದವರ ಮಿಷನ್ನಿನದು. 1947ರ ಸೆಪ್ಟೆಂಬರ್ 27ರಂದು ದಕ್ಷಿಣ ಭಾರತ ಸಭೆ ಹುಟ್ಟಿದಾಗ ಅವೆಲ್ಲ ಅದರೊಳಗೆ ಸೇರಿದವು. ಹೆಸರು ಬದಲಾಯಿತು, ಕೆಲವು ಅಭ್ಯಾಸ ಉಳಿದವು. ವರ್ಷದ ಕೊನೆಯ ರಾತ್ರಿ ಎಚ್ಚರವಿರುವುದು ಒಂದು, ಹೊಸ ವರ್ಷದ ಮೊದಲ ಭಾನುವಾರ ಒಡಂಬಡಿಕೆಯ ಆರಾಧನೆ ಇನ್ನೊಂದು. ಅದರ ವಿಷಯಕ್ಕೆ ಆಮೇಲೆ ಬರುತ್ತೇನೆ.

"ಆತ್ಮಿಕ ಕುಟುಂಬ" ಅನ್ನುವ ಮಾತು ನನಗೆ ಬಹಳ ವರ್ಷ ಪ್ರಸಂಗಪೀಠದ ಮಾತಾಗಿಯೇ ಕೇಳಿಸುತ್ತಿತ್ತು. ಆರಾಧನೆ ಮುಗಿದು ಹೊರಗೆ ಬಂದರೆ ಆ ಕುಟುಂಬದವರು ಸ್ಕೂಟರ್ ತೆಗೆಯೋಕೆ ಜಾಗ ಬಿಡದೆ ಕಾರು ನಿಲ್ಲಿಸಿರುತ್ತಿದ್ದರು. ಕೂಟದ ಒಂಬತ್ತು ಮನೆಗಳಲ್ಲಿ ರಕ್ತಸಂಬಂಧ ಇರುವುದು ಇಬ್ಬರಿಗೆ ಮಾತ್ರ. ಒಬ್ಬರು ಬಸ್ ಓಡಿಸಿ ನಿವೃತ್ತರಾದ ಅಂಕಲ್, ಒಬ್ಬರು ಪ್ರೈಮರಿ ಶಾಲೆಯ ಟೀಚರ್, ಗಾರ್ಮೆಂಟ್ಸಿಗೆ ಹೋಗುವ ಅಕ್ಕ ತಂಗಿ, ಎಲ್ಲರೂ ದೊಡ್ಡಮ್ಮ ಅಂತ ಕರೆಯುವ ನಿವೃತ್ತ ನರ್ಸ್. ದೊಡ್ಡಮ್ಮನಿಗೆ ಈಗ ಎಪ್ಪತ್ತನಾಲ್ಕು. ಅವರ ಮುಂದೆ ಸುಳ್ಳು ಹೇಳುವುದು ಕಷ್ಟ, ನಲವತ್ತು ವರ್ಷ "ನೋವಿಲ್ಲ ಸಿಸ್ಟರ್" ಅನ್ನುವ ರೋಗಿಗಳನ್ನೇ ನೋಡಿದವರು.

ಐದು ವರ್ಷದ ಹಿಂದೆ ಹೊಸ ವರ್ಷದ ತೀರ್ಮಾನಗಳನ್ನು ಒಟ್ಟಿಗೆ ಬರೆಯೋಣ ಅಂತ ಶುರು ಮಾಡಿದ್ದು ನಾನೇ. ಆಫೀಸಿನಲ್ಲಿ ಗುರಿ, ಮೌಲ್ಯಮಾಪನ ಅಂತ ಕೇಳೀ ಕೇಳಿ ತಲೆಗೆ ಹತ್ತಿತ್ತು. ಬೆಣ್ಣೆ ಬಿಸ್ಕತ್ತಿನ ನೀಲಿ ಡಬ್ಬಿ, ಎಲ್ಲರ ಮನೆಯಲ್ಲೂ ಸೂಜಿದಾರ ತುಂಬಿಕೊಂಡಿರುತ್ತಲ್ಲ ಅದೇ, ಖಾಲಿ ಮಾಡಿಟ್ಟೆ. ಎಲ್ಲರೂ ಒಂದೊಂದು ಚೀಟಿ ಬರೆದು ಹಾಕುವುದು, ವರ್ಷ ಕಳೆದು ತೆಗೆದು ಓದುವುದು. "ಸಂಕಲ್ಪ" ಅಂತ ಬರೆದಿದ್ದ ನನ್ನ ಕಾಗದ ನೋಡಿ ಅಂಕಲ್ ಮುಖ ಸಿಂಡರಿಸಿದರು. "ಸತ್ಯನಾರಾಯಣ ಪೂಜೆ ಕೂರಿಸ್ದಂಗಿದೆ. ತೀರ್ಮಾನ ಅನ್ನಮ್ಮ, ಸಾಕು."

ಮೊದಲ ವರ್ಷದ ಚೀಟಿಗಳನ್ನು ತೆಗೆದಾಗ ನಗು ತಡೆಯಲಾಗಲಿಲ್ಲ. ಹನ್ನೆರಡರಲ್ಲಿ ಎಂಟು ಒಂದೇ: ಒಂದು ವರ್ಷದಲ್ಲಿ ಬೈಬಲ್ ಪೂರ್ತಿ ಓದಿ ಮುಗಿಸುತ್ತೇನೆ. 66 ಪುಸ್ತಕ, 1189 ಅಧ್ಯಾಯ, ದಿನಕ್ಕೆ ಮೂರು ಚಿಲ್ಲರೆ. ಈ ಲೆಕ್ಕದಲ್ಲಿ ಜನವರಿ ಕೊನೆಗೆ ಯಾಜಕಕಾಂಡ ಶುರುವಾಗುತ್ತದೆ, ಕುಷ್ಠದ ಕಲೆಗಳ ಬಣ್ಣ, ಯಜ್ಞದ ಕುರಿಯ ಕೊಬ್ಬು. ಎಂಟು ಜನರಲ್ಲಿ ಏಳು ಜನ ಅಲ್ಲೇ ಮುಗ್ಗರಿಸಿದ್ದರು, ನಾನೂ ಸೇರಿ. ದಾಟಿದವರು ದೊಡ್ಡಮ್ಮ ಒಬ್ಬರೇ. "ವಾರ್ಡಲ್ಲಿ ಇದೇ ತಾನೆ ನೋಡಿದ್ದು" ಅಂದರು.

ಮಕ್ಕಳ ಚೀಟಿಗಳು ಚೆನ್ನಾಗಿದ್ದವು. ಒಬ್ಬ "ಟ್ಯೂಷನ್ ಬಿಡ್ತೀನಿ" ಅಂತ ಬರೆದಿದ್ದ. ಟೀಚರ್ ಮಗಳು ಬರೆದಿದ್ದು: "ಅಪ್ಪ ಊಟ ಮಾಡುವಾಗ ಫೋನ್ ನೋಡುವುದಿಲ್ಲ." ತೀರ್ಮಾನವನ್ನು ನಿನಗೆ ಮಾಡಿಕೊಳ್ಳಬೇಕು ಪುಟ್ಟ, ಬೇರೆಯವರಿಗಲ್ಲ ಅಂತ ನಾವೆಲ್ಲ ಅವಳಿಗೆ ತಿಳಿಹೇಳಿದೆವು. ಅವಳು ಹೇಳಿದ್ದರಲ್ಲಿ ಅರ್ಥ ಇತ್ತು ಅಂತ ನನಗೆ ಗೊತ್ತಾಗೋಕೆ ಎರಡು ವರ್ಷ ಹಿಡಿಯಿತು.

ಆ ವರ್ಷದ ಸುಗ್ಗಿ ಹಬ್ಬದ ಲೆಕ್ಕ ನನ್ನ ಕೈಲಿತ್ತು. ಸುಗ್ಗಿ ಹಬ್ಬ ಗೊತ್ತಿಲ್ಲದವರಿಗೆ: ಸಭೆಯವರು ಮೊದಲ ಫಲ ಅಂತ ಅಕ್ಕಿ, ರಾಗಿ, ಬಾಳೆಗೊನೆ, ಕೋಳಿ, ಕೇಕು ತಂದು ಬಲಿಪೀಠದ ಮುಂದಿಡುತ್ತಾರೆ. ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಎಲ್ಲದರ ಹರಾಜು. ಜಿದ್ದಿಗೆ ಬಿದ್ದರೆ ಒಂದು ತೆಂಗಿನಕಾಯಿ ಐನೂರಕ್ಕೆ ಹೋಗುತ್ತದೆ. ಆ ಸಲ ಸಂಜೆ ಎಣಿಸಿದರೆ ಪಟ್ಟಿಗೂ ಪೆಟ್ಟಿಗೆಗೂ 640 ರೂಪಾಯಿ ವ್ಯತ್ಯಾಸ. ಸ್ತ್ರೀಯರ ಸಂಘದಲ್ಲಿ ನನ್ನ ಜೊತೆಗಿದ್ದ ಅಕ್ಕ ಎಲ್ಲರ ಮುಂದೆ, "ಸರಿಯಾಗ್ ನೋಡ್ಕೊಂಡ್ರಾ ನೀವು?" ಅಂದುಬಿಟ್ಟರು. ಅಲ್ಲಿಯವರೆಗೆ "ನೀನು" ಅನ್ನುತ್ತಿದ್ದವರು. ಆ "ನೀವು" ನನ್ನನ್ನು ಚುಚ್ಚಿತು. ಅವತ್ತಿನಿಂದ ಮಾತು ಬಿಟ್ಟೆ.

ಮಾರ್ಚಿನಲ್ಲಿ ಬೀರು ಗುಡಿಸುವಾಗ ಹರಾಜಿನ ಹಾಳೆ ಸಿಕ್ಕಿತು. ಓದುತ್ತಾ ಹೋದರೆ, ಹದಿನೇಳನೆಯ ಸಾಲಿನಲ್ಲಿ ಕುಂಬಳಕಾಯಿ, 640, ನನ್ನ ಯಜಮಾನರ ಹೆಸರು, ಪಕ್ಕದಲ್ಲಿ "ಪಾವತಿ" ಅಂತ ನನ್ನದೇ ಅಕ್ಷರ. ಮನೆಯವರೇ ತಾನೆ, ಆಮೇಲೆ ಕೊಡುತ್ತಾರೆ ಅಂತ ಗುರುತು ಹಾಕಿದ್ದೆ. ಅವರು ಕೊಟ್ಟಿರಲಿಲ್ಲ, ನಾನು ಕೇಳಿರಲಿಲ್ಲ. ಕುಂಬಳಕಾಯಿ ಮಾತ್ರ ಹುಳಿಯಾಗಿ, ಪಲ್ಯವಾಗಿ, ಉಳಿದದ್ದು ಹಲ್ವವಾಗಿ ಮುಗಿದುಹೋಗಿತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುವ ಗಾದೆ ನನ್ನ ವಿಷಯದಲ್ಲಿ ಅಕ್ಷರಶಃ ನಿಜವಾಗುತ್ತದೆ ಅಂತ ನಾನು ಕನಸಿನಲ್ಲೂ ಎಣಿಸಿರಲಿಲ್ಲ.

ಮುಂದಿನ ಭಾನುವಾರ 640 ರೂಪಾಯಿಯನ್ನು ಕವರಿನಲ್ಲಿ ಹಾಕಿ ಕಾಣಿಕೆ ಚೀಲಕ್ಕೆ ಬಿಟ್ಟೆ. ದೇವರ ಲೆಕ್ಕ ಚುಕ್ತಾ. ಅಕ್ಕನಿಗೆ ಹೇಳಲಿಲ್ಲ. ಏಪ್ರಿಲ್ ಹೋಯಿತು, ಪುನರುತ್ಥಾನದ ಹಬ್ಬ ಹೋಯಿತು, ಮಳೆಗಾಲ ಹೋಯಿತು. ಪ್ರತಿ ಬುಧವಾರ ಒಂದೇ ಕೋಣೆಯಲ್ಲಿ ಕೂತು ಒಬ್ಬರಿಗೊಬ್ಬರು ಪ್ರಾರ್ಥನೆ ಮಾಡಿದೆವು, ಎದ್ದು ಹೋಗುವಾಗ ಚಪ್ಪಲಿ ಹುಡುಕುವ ನೆವದಲ್ಲಿ ತಲೆ ತಗ್ಗಿಸಿದೆವು.

ಡಿಸೆಂಬರ್ 31 ಬಂತು. ಕಾಳು ಹಿದುಕಿ ಮುಗಿದಿತ್ತು. ನಾನು ನೀಟಾಗಿ ಚೀಟಿ ಬರೆದೆ: "ದಿನಾ ಬೆಳಿಗ್ಗೆ ಐದಕ್ಕೆ ಎದ್ದು ಒಂದು ಗಂಟೆ ಪ್ರಾರ್ಥನೆ." ಮಡಚುವ ಮೊದಲೇ ದೊಡ್ಡಮ್ಮ ಕೈಚಾಚಿ ಇಸಿದುಕೊಂಡು ಓದಿದರು.

"ಇದು ನಿನ್ ಚೀಟಿ ಅಲ್ಲ ಕಣೇ."

"ನಾನೇ ಬರ್ದಿದ್ದು ದೊಡ್ಡಮ್ಮ."

"ಬರ್ದಿರೋಳು ನೀನೇ. ಚೀಟಿ ನಿಂದಲ್ಲ. ಕುಂಬಳಕಾಯಿದ್ ಬರಿ."

ಯಜಮಾನರ ಕಡೆ ನೋಡಿದೆ. ಅವರು ಬಹಳ ಶ್ರದ್ಧೆಯಿಂದ ಅವರೆ ಸಿಪ್ಪೆ ಚೀಲಕ್ಕೆ ತುಂಬುತ್ತಿದ್ದರು.

ಐದು ಗಂಟೆಗೆ ಏಳುವುದು ಕೆಟ್ಟ ತೀರ್ಮಾನವೇನಲ್ಲ. ಆದರೆ ನಾವು ಬರೆಯುವ ತೀರ್ಮಾನಗಳು ಎಷ್ಟೋ ಸಲ ನಿಜವಾದದ್ದನ್ನು ಮುಚ್ಚೋಕೆ ಹೊದಿಸಿದ ಬಟ್ಟೆ ಅಂತ ಅವತ್ತು ಅನ್ನಿಸಿತು. ನಮಗೆ ಕಾಣದ್ದಲ್ಲ ಅದು, ಚೆನ್ನಾಗಿ ಕಂಡಿರುತ್ತೆ. ಅದಕ್ಕೇ ಬಟ್ಟೆಯೂ ಚೆನ್ನಾಗಿರೋದನ್ನೇ ಹುಡುಕಿರುತ್ತೇವೆ. ಒಬ್ಬಳೇ ಕೂತು ಡೈರಿಯಲ್ಲಿ ಬರೆದಿದ್ದರೆ ಆ ವರ್ಷವೂ ಬೆಳಿಗ್ಗೆ ಐದೇ ಇರುತ್ತಿತ್ತು.

ಜನವರಿ 2ರಂದು ಉಳಿದ ಬೇಳೆ ಸಾರನ್ನು ಸ್ಟೀಲ್ ಬೋಸಿಯಲ್ಲಿ ತುಂಬಿಕೊಂಡು ಅಕ್ಕನ ಮನೆಗೆ ಹೋದೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಅಕ್ಕ ಮನೆಯಲ್ಲಿರಲಿಲ್ಲ. ಅವರ ಯಜಮಾನರು ಬೋಸಿ ಇಸಿದುಕೊಂಡು, "ಹೇಳ್ತೀನಿ ಬಿಡಮ್ಮ" ಅಂದರು. ಏನು ಹೇಳುತ್ತಾರೆ, ಸಾರಿನ ವಿಷಯಾನಾ? ನಾಲ್ಕು ದಿನ ಬಿಟ್ಟು ಅಕ್ಕನೇ ಬೋಸಿ ವಾಪಸ್ ತಂದರು. ಪಾತ್ರೆ ಬರಿದೇ ಕೊಡಬಾರದಲ್ಲ, ಒಳಗೆ ಆರು ಕಜ್ಜಾಯ. ಬಾಗಿಲಲ್ಲೇ ನಿಂತು ಎಲ್ಲ ಹೇಳಿದೆ, ಕುಂಬಳಕಾಯಿ, ಹದಿನೇಳನೆ ಸಾಲು, ಕಾಣಿಕೆ ಚೀಲ. ಅಕ್ಕ ಕೇಳಿಸಿಕೊಂಡರು. "ಸರಿ ಬಿಡಿ" ಅಂದರು. ಈಗ ಮಾತಾಡುತ್ತೇವೆ. "ನೀವು" ಇನ್ನೂ "ನೀನು" ಆಗಿಲ್ಲ.

ಚರ್ಚ್ ಚರಿತ್ರೆ ಓದುವ ಹುಚ್ಚು ನನಗಿದೆ. ಈ ಘಟನೆ ಆದಮೇಲೆ, ಮೆಥಡಿಸ್ಟ್ ಪಂಥ ಶುರು ಮಾಡಿದ ಜಾನ್ ವೆಸ್ಲಿಯ ಕಾಲದ ಚಿಕ್ಕ ಗುಂಪುಗಳ ನಿಯಮಗಳನ್ನು ಮತ್ತೆ ತೆಗೆದು ನೋಡಿದೆ. ಅವು ಬರೆಯಲ್ಪಟ್ಟಿದ್ದು 1738ರ ಡಿಸೆಂಬರ್ 25ರಂದು. ಕ್ರಿಸ್ಮಸ್ ದಿನ ಕೂತು ನಿಯಮ ಬರೆಯುವ ಮನುಷ್ಯನ ಮನೆಯಲ್ಲಿ ಊಟ ಹೇಗಿರುತ್ತಿತ್ತೋ ಗೊತ್ತಿಲ್ಲ, ನಿಯಮಗಳು ಮಾತ್ರ ಗಟ್ಟಿ. ವಾರಕ್ಕೊಮ್ಮೆ ಸೇರಬೇಕು. ಕಳೆದ ಸಲ ಸೇರಿದ ಮೇಲೆ ಏನು ತಪ್ಪು ಮಾಡಿದೆ ಅಂತ ಪ್ರತಿಯೊಬ್ಬರನ್ನೂ ಕೇಳಬೇಕು. ಅಷ್ಟಕ್ಕೇ ನಿಂತಿದ್ದರೆ ಅದು ಪೊಲೀಸ್ ಠಾಣೆ. ಗುಂಪಿಗೆ ಸೇರುವ ಮೊದಲೇ ಕೇಳುವ ಪ್ರಶ್ನೆಗಳು ಬೇರೆ ಇದ್ದವು: ನಿನ್ನ ತಪ್ಪುಗಳನ್ನು ಬೇರೆಯವರು ಹೇಳಬೇಕು ಅಂತ ನಿನಗೆ ಇಷ್ಟವಿದೆಯೇ? ಎಲ್ಲ ತಪ್ಪುಗಳನ್ನೂ, ನೇರವಾಗಿ? ಅಂದರೆ ಮೊದಲು ಒಪ್ಪಿಗೆ.

ಆ ಮೊದಲ ಪ್ರಶ್ನೆಯನ್ನು ನಾವು ಕೇಳಿರಲಿಲ್ಲ. ದೊಡ್ಡಮ್ಮ ನನಗೆ ಮಾಡಿದ್ದು ಹಿತವಾಗಿ ಕೂತಿತು, ಯಾಕೆಂದರೆ ದೊಡ್ಡಮ್ಮನಿಗೂ ನನಗೂ ಇಪ್ಪತ್ತು ವರ್ಷದ ಸಲಿಗೆ. ಅದನ್ನೇ ಪದ್ಧತಿ ಮಾಡಿಬಿಟ್ಟೆವು. ಮರುವರ್ಷ ಚೀಟಿ ಬರೆಯುವ ಮುಂಚೆ ಸುತ್ತ ಕೂತು ಒಬ್ಬೊಬ್ಬರ ಬಗ್ಗೆ ಉಳಿದವರು ಹೇಳುವುದು ಅಂತ. ಗಾರ್ಮೆಂಟ್ಸಿನ ಅಕ್ಕತಂಗಿಯರಲ್ಲಿ ದೊಡ್ಡವಳ ಸರದಿ ಬಂದಾಗ ಯಾರೋ, "ಈ ವರ್ಷ ಆದ್ರೂ ಮದುವೆಗೆ ಒಪ್ಕೊಳ್ಳೋ ತೀರ್ಮಾನ ಬರಿಯಮ್ಮ" ಅಂದರು. ಇನ್ನೊಬ್ಬರು ಆಮೆನ್ ಅಂದರು. ಮೂರನೆಯವರು ಕೋಲಾರದ ಕಡೆಯ ಒಬ್ಬ ಹುಡುಗನ ಪ್ರಸ್ತಾಪ ಎತ್ತಿದರು. ಅವಳು ಮಾತಾಡದೆ ಬಟ್ಟಲಲ್ಲಿದ್ದ ಬೇಳೆಯನ್ನು ಪಾತ್ರೆಗೆ ಸುರಿದು, ಕೈ ತೊಳೆದು, ಎದ್ದು ಹೋದಳು. ಎರಡು ತಿಂಗಳು ಕೂಟಕ್ಕೆ ಬರಲಿಲ್ಲ. ತಪ್ಪು ನಮ್ಮದು. ಕುಟುಂಬ ಅಂತ ಹೆಸರಿಟ್ಟುಕೊಂಡ ಮೇಲೆ ಕುಟುಂಬದ ಎಲ್ಲ ರೋಗಗಳೂ ಬರುತ್ತವೆ. ನಮ್ಮ ಮನೆಗಳಲ್ಲಿ ಅತ್ತೆ ಚಿಕ್ಕಮ್ಮಂದಿರು ಮಾಡುವುದನ್ನೇ ನಾವು ಆಮೆನ್ ಸೇರಿಸಿ ಮಾಡಿದ್ದೆವು.

ಫೆಬ್ರವರಿಯಲ್ಲಿ ಟೀಚರ್, ನಾನು ಇಬ್ಬರೂ ಹೋಗಿ ಕ್ಷಮೆ ಕೇಳಿದೆವು. ಅವಳೇ ನಿಯಮ ಹೇಳಿಕೊಟ್ಟಳು: "ಕೇಳಿದ್ರೆ ಹೇಳಿ. ಕೇಳ್ದೇ ಇದ್ರೆ ಪ್ರಾರ್ಥನೆ ಮಾಡಿ, ಅದೂ ನಿಮ್ ಮನೇಲಿ." ಈಗ ಅದೇ ನಡೆಯುತ್ತಿದೆ. ಕಾಳು ಹಿದುಕುವಾಗ ಯಾರಿಗೆ ಬೇಕೋ ಅವರು, "ನನ್ ಬಗ್ಗೆ ಏನಾದ್ರೂ ಹೇಳೋದಿದ್ಯಾ?" ಅಂತ ಕೇಳುತ್ತಾರೆ. ಕೇಳದವರನ್ನು ಬಿಟ್ಟುಬಿಡುತ್ತೇವೆ. ಟೀಚರ್ ಯಜಮಾನರು ಇದುವರೆಗೆ ಒಮ್ಮೆಯೂ ಕೇಳಿಲ್ಲ, ಫೋನ್ ಈಗಲೂ ಊಟದ ತಟ್ಟೆಯ ಪಕ್ಕದಲ್ಲೇ ಇರುತ್ತದೆ.

ಇನ್ನೊಂದು ಬದಲಾವಣೆ ಚೀಟಿ ಎತ್ತುವುದು. ನಮ್ಮ ಹೆಂಗಸರು ತಿಂಗಳಿಗೆ ಸಾವಿರ ರೂಪಾಯಿಯ ಚೀಟಿಯನ್ನೂ ನಡೆಸುತ್ತಾರೆ. ಆ ಚೀಟಿ ಎತ್ತಿದವರಿಗೆ ದುಡ್ಡು, ಈ ಚೀಟಿ ಎತ್ತಿದವರಿಗೆ ಕೆಲಸ. ಡಬ್ಬಿಯಲ್ಲಿ ಕೈ ಹಾಕಿ ಯಾರ ಚೀಟಿ ಬಂತೋ ಅದನ್ನು ಮನೆಗೆ ಒಯ್ದು ತಮ್ಮ ಬೈಬಲಿನಲ್ಲಿ ಇಟ್ಟುಕೊಳ್ಳಬೇಕು, ತಿಂಗಳಿಗೊಮ್ಮೆ ಆ ಮನುಷ್ಯನನ್ನು "ಹೇಗಿದೆ?" ಅಂತ ವಿಚಾರಿಸಬೇಕು. ದುಡ್ಡಿನ ಚೀಟಿಗೂ ಇದಕ್ಕೂ ನಂಟು ಕಲ್ಪಿಸುವುದು ತಮಾಷೆಗಲ್ಲ. 1742ರ ಫೆಬ್ರವರಿಯಲ್ಲಿ ಬ್ರಿಸ್ಟಲ್‌ನ ಮೆಥಡಿಸ್ಟರು ತಮ್ಮ ಪ್ರಾರ್ಥನಾಲಯ ಕಟ್ಟಿದ ಸಾಲ ತೀರಿಸುವುದು ಹೇಗೆ ಅಂತ ಸಭೆ ಸೇರಿದ್ದರು. ಪ್ರತಿಯೊಬ್ಬರೂ ವಾರಕ್ಕೊಂದು ಪೆನ್ನಿ ಕೊಡಲಿ ಅಂದರು ಕ್ಯಾಪ್ಟನ್ ಫಾಯ್ ಅನ್ನುವವರು. ಬಡವರಿಗೆ ಅದೂ ಆಗದಲ್ಲ ಅಂತ ಮಾತು ಬಂತು. ಅತಿ ಬಡವರಾದ ಹನ್ನೊಂದು ಜನರನ್ನು ನನಗೆ ಒಪ್ಪಿಸಿ, ವಾರ ವಾರ ಹೋಗಿ ಕೇಳುತ್ತೇನೆ, ಅವರು ಕೊಡದಿದ್ದರೆ ನಾನೇ ತುಂಬುತ್ತೇನೆ ಅಂದರಂತೆ ಅದೇ ಫಾಯ್. ಹಾಗೆ ಪೆನ್ನಿ ಕೇಳೋಕೆ ಮನೆಮನೆಗೆ ಹೋದವರಿಗೆ ಮನೆಯೊಳಗಿನ ಜಗಳ, ಕುಡಿತ, ಕಾಯಿಲೆ ಎಲ್ಲ ಕಂಡವು. ವಸೂಲಿಯ ಪಟ್ಟಿ ಆರೈಕೆಯ ಪಟ್ಟಿ ಆಯಿತು. ಹನ್ನೆರಡು ಹನ್ನೆರಡು ಜನರ ಆ ಗುಂಪುಗಳೇ ಮುಂದೆ ಮೆಥಡಿಸ್ಟ್ ಸಭೆಯ ಬೆನ್ನೆಲುಬು. ಇದನ್ನು ಕೂಟದಲ್ಲಿ ಹೇಳಿದಾಗ ಅಂಕಲ್, "ಅಂದ್ರೆ ಬೈಬಲ್ ಸ್ಟಡಿ ಮಾಡಿ ಕಟ್ಟಿದ್ದಲ್ಲ, ಸಾಲ ಮಾಡಿ ಕಟ್ಟಿದ್ದು!" ಅಂತ ಬಹಳ ಖುಷಿಪಟ್ಟರು.

ನಡೆಯುತ್ತಾ ಅಂತ ಕೇಳಿದರೆ, ಅರ್ಧಂಬರ್ಧ. ಜೂನ್ ಹೊತ್ತಿಗೆ ಶಾಲೆ ಫೀಸು, ಮಳೆ, ಮದುವೆ ಅಂತ ವಿಚಾರಿಸುವವರು ಮರೆಯುತ್ತಾರೆ. ಕಳೆದ ವರ್ಷದ ಹದಿನಾಲ್ಕು ಚೀಟಿಗಳಲ್ಲಿ ಐದು ನೆರವೇರಿದವು, ನಾಲ್ಕು ಕುಂಟಿದವು, ಉಳಿದವನ್ನು ಬರೆದವರೇ ಗುರುತು ಹಿಡಿಯಲಿಲ್ಲ. ನನಗೇನೂ ಬೇಸರವಿಲ್ಲ. ವಿಚಾರಿಸುವ ನೆವದಲ್ಲಿ ಬಂದ ಫೋನುಗಳಲ್ಲಿ ತೀರ್ಮಾನದ ಮಾತು ಎರಡು ನಿಮಿಷ, ಉಳಿದ ಇಪ್ಪತ್ತು ನಿಮಿಷ ಬೇರೆ. ಆ ಇಪ್ಪತ್ತು ನಿಮಿಷಕ್ಕೋಸ್ಕರ ಎರಡು ನಿಮಿಷ ಬೇಕಿತ್ತೇನೋ.

ವಾಗ್ದಾನದ ಕಾರ್ಡಿನ ವಿಷಯ ಹೇಳದಿದ್ದರೆ ನಮ್ಮವರು ಬೇಸರ ಮಾಡಿಕೊಳ್ಳುತ್ತಾರೆ. ಮಧ್ಯರಾತ್ರಿ ಹನ್ನೆರಡು ಹೊಡೆದು, ಮೊಣಕಾಲೂರಿ ಪ್ರಾರ್ಥನೆ ಮುಗಿದು, ಕೈಕುಲುಕಿದ ಮೇಲೆ ತಟ್ಟೆಯಲ್ಲಿ ವಾಕ್ಯದ ಕಾರ್ಡುಗಳನ್ನು ಹಿಡಿಯುತ್ತಾರೆ. ಕಣ್ಮುಚ್ಚಿ ಎತ್ತಿದ್ದು ಆ ವರ್ಷಕ್ಕೆ ದೇವರು ಕೊಟ್ಟ ಮಾತು. ಗಿಣಿಶಾಸ್ತ್ರಕ್ಕೂ ಇದಕ್ಕೂ ಏನು ವ್ಯತ್ಯಾಸ ಅಂತ ಒಮ್ಮೆ ಕೇಳಿ ಬೈಸಿಕೊಂಡಿದ್ದೇನೆ. ಆಮೇಲೆ ಜರ್ಮನಿಯ ಹೆರ್ನ್‌ಹೂಟ್ ಅನ್ನುವ ಊರಿನ ಮೊರಾವಿಯನ್ನರು ಅನ್ನುವ ಕ್ರೈಸ್ತ ಪಂಗಡದ ವಿಷಯ ಓದಿ ಸ್ವಲ್ಪ ಮೆತ್ತಗಾದೆ. 1728ರಿಂದ ಅಲ್ಲಿ ದಿನಕ್ಕೊಂದು ವಾಕ್ಯವನ್ನು ಒಬ್ಬರು ಮನೆಯಿಂದ ಮನೆಗೆ ಹೊತ್ತು ತಲುಪಿಸುತ್ತಿದ್ದರು. 1731ರಿಂದ ಪುಸ್ತಕವಾಗಿ ಅಚ್ಚಾಯಿತು. ಈಗಲೂ ಅವರು ವಾಕ್ಯಗಳನ್ನು ಪಾತ್ರೆಯಿಂದ ಚೀಟಿಯಂತೆ ಎತ್ತಿಯೇ ಆರಿಸುತ್ತಾರೆ. ವರ್ಷಾಂತ್ಯದ ಜಾಗರಣೆಯೂ 1733ರಲ್ಲಿ ಅಲ್ಲೇ ಇತ್ತು. ವಾಕ್ಯ ಯಾವುದು ಬಂತು ಅನ್ನುವುದಕ್ಕಿಂತ ಅದನ್ನು ಹಿಡಿದು ಬೆಳಿಗ್ಗೆ ಒಬ್ಬ ಮನುಷ್ಯ ಬಾಗಿಲು ತಟ್ಟುತ್ತಿದ್ದ ಅನ್ನುವುದು ನನಗೆ ಇಷ್ಟ. ಈಗ ವಾಟ್ಸಾಪಿನಲ್ಲಿ ಗುಲಾಬಿ ಹೂವಿನ ಚಿತ್ರದ ಮೇಲೆ ಬರುತ್ತದೆ, ಬಾಗಿಲು ಯಾರೂ ತಟ್ಟುವುದಿಲ್ಲ.

ಇನ್ನು ಅಂಕಲ್ ಕಥೆ.

ಮೂವತ್ತೊಂದು ವರ್ಷದಿಂದ ದೇವಾಲಯದಲ್ಲಿ ಹಾರ್ಮೋನಿಯಂ ಅವರದ್ದೇ. ಹಗಲು ಬಸ್ಸಿನ ಸ್ಟೀರಿಂಗ್, ಭಾನುವಾರ ಹಾರ್ಮೋನಿಯಂ. ಎರಡು ವರ್ಷದಿಂದ ಎಡಗೈ ನಡುಗುತ್ತಿದೆ. ತಿದಿ ಎಳೆಯುವಾಗ ಶ್ವಾಸ ಕಟ್ಟಿದ ಹಾಗೆ ಸ್ವರ ತುಂಡಾಗುತ್ತದೆ, ಕೀರ್ತನೆ ಎರಡನೇ ಚರಣಕ್ಕೆ ಬರುವಾಗ ಸಭೆ ಮುಂದೆ, ಅಂಕಲ್ ಹಿಂದೆ. ಎಲ್ಲರಿಗೂ ಗೊತ್ತು. ನಮ್ಮದೇ ಕೂಟದ ಹತ್ತನೇ ಕ್ಲಾಸಿನ ಹುಡುಗ ಚೆನ್ನಾಗಿ ಕಲಿತಿದ್ದಾನೆ, ಅದೂ ಅಂಕಲ್ ಹತ್ತಿರವೇ. ಆದರೂ ಯಾರೂ ಬಾಯಿ ಬಿಟ್ಟಿರಲಿಲ್ಲ. ಅವರು ಕೇಳಿರಲಿಲ್ಲ, ನಿಯಮ ನಿಯಮವೇ. ದೊಡ್ಡಮ್ಮನೂ ಸುಮ್ಮನಿದ್ದರು.

ಈ ಸಲ ಡಿಸೆಂಬರ್ 31ರಂದು ಅವರಿಗೆ ಕಾಳು ಹಿದುಕಲೂ ಆಗುತ್ತಿರಲಿಲ್ಲ. ಬೆರಳ ನಡುವೆ ಕಾಳು ನಿಲ್ಲುತ್ತಿರಲಿಲ್ಲ. ಸ್ವಲ್ಪ ಹೊತ್ತು ನೋಡಿ, ಕೈ ಒರೆಸಿಕೊಂಡು, ಸಿಪ್ಪೆಯನ್ನು ಮಾತ್ರ ಒಂದು ಕಡೆ ಕೂಡಿಸತೊಡಗಿದರು. ಏನೂ ಕೇಳಲಿಲ್ಲ. ಚೀಟಿ ಬರೆದು ಡಬ್ಬಿಗೆ ಹಾಕಿದರು. ಅದನ್ನು ಎತ್ತಿದ್ದು ನಾನು. ರಾತ್ರಿ ಮನೆಗೆ ಬಂದು ಬಿಡಿಸಿದೆ. ಬಸ್ಸಿನ ಟ್ರಿಪ್ ಶೀಟ್ ಬರೆದ ಹಾಗೆ ಸೊಟ್ಟ ಅಕ್ಷರ: "ಪೆಟ್ಟಿಗೆ ಹುಡುಗನಿಗೆ. ನಾನು ಹಿಂದಿನ ಬೆಂಚು. ಸುಮ್ಮನೆ ಕೂರಬೇಕು." ಕೊನೆಯ ಎರಡು ಪದಕ್ಕೆ ಅಡಿಗೆರೆ.

ನಾಲ್ಕು ದಿನದ ಮೇಲೆ ಒಡಂಬಡಿಕೆಯ ಭಾನುವಾರ. ಈ ಆರಾಧನೆಯನ್ನು ವೆಸ್ಲಿ ಮೊದಲು ನಡೆಸಿದ್ದು 1755ರ ಆಗಸ್ಟ್ 11ರಂದು, ಲಂಡನ್ನಿನ ಸ್ಪಿಟಲ್‌ಫೀಲ್ಡ್ಸ್‌ನ ಫ್ರೆಂಚ್ ಚರ್ಚಿನಲ್ಲಿ. ಸುಮಾರು 1800 ಜನ ಎದ್ದು ನಿಂತು ಒಪ್ಪಿಗೆ ಕೊಟ್ಟರಂತೆ. ಹೊಸ ವರ್ಷಕ್ಕೆ ಅದನ್ನು ಹೊಂದಿಸಿದ್ದು ಆಮೇಲೆ. ಅದರ ಪ್ರಾರ್ಥನೆಯಲ್ಲಿ ನಾವು ಏನೇನೋ ಮಾಡುತ್ತೇವೆ ಅನ್ನುವ ಮಾತೇ ಇಲ್ಲ. ನಾನು ಇನ್ನು ನನ್ನವನಲ್ಲ, ನಿನ್ನವನು ಅಂತ ಶುರುವಾಗುತ್ತದೆ. ಎಲ್ಲಿ ಬೇಕೋ ಅಲ್ಲಿ ಇಡು, ಯಾರ ಜೊತೆ ಬೇಕೋ ಅವರ ಜೊತೆ ಸೇರಿಸು. ಕೆಲಸಕ್ಕೆ ಹಚ್ಚು, ಇಲ್ಲವೇ ನಿನಗೋಸ್ಕರ ಬದಿಗಿಡು. ಈ "ಬದಿಗಿಡು" ಅನ್ನುವುದನ್ನು ನಾನು ಎಷ್ಟೋ ವರ್ಷ ಬಾಯಿಪಾಠದ ಹಾಗೆ ಹೇಳಿಕೊಂಡು ಬಂದಿದ್ದೆ. ಆ ಭಾನುವಾರ ಆ ಸಾಲು ಹತ್ತಿರ ಬಂದ ಹಾಗೆಲ್ಲ ನನಗೆ ಹಿಂದಕ್ಕೆ ತಿರುಗಿ ನೋಡುವ ಧೈರ್ಯ ಬರಲಿಲ್ಲ.

ಆಮೇಲೆ ಕೀರ್ತನೆ ಶುರುವಾಯಿತು. ಹುಡುಗ ಚೆನ್ನಾಗಿಯೇ ನುಡಿಸಿದ, ಸ್ವಲ್ಪ ಅವಸರ. ಎರಡನೇ ಚರಣದ ಹೊತ್ತಿಗೆ ಹಿಂದಿನಿಂದ ಟಕ್, ಟಕ್ ಅಂತ ಸದ್ದು. ತಿರುಗಿ ನೋಡಿದರೆ ಅಂಕಲ್ ಬೆಂಚಿನ ಕೈ ಮೇಲೆ ಉಂಗುರದ ಬೆರಳಿನಿಂದ ತಾಳ ಹಾಕುತ್ತಿದ್ದರು, ಹುಡುಗನಿಗಿಂತ ಅರ್ಧ ಮಾತ್ರೆ ಹಿಂದೆ. ಮೂರನೇ ಚರಣಕ್ಕೆ ಸಭೆಯಲ್ಲಿ ಅರ್ಧ ಜನ ಹುಡುಗನ ಜೊತೆ, ಅರ್ಧ ಜನ ಬೆಂಚಿನ ಜೊತೆ.

ಫೆಬ್ರವರಿ ಮೊದಲ ವಾರ ಅವರಿಗೆ ಫೋನ್ ಮಾಡಿ ವಿಚಾರಿಸಬೇಕು. ಅಡಿಗೆರೆ ಹಾಕಿದ ಎರಡು ಪದದ ಬಗ್ಗೆ ಏನು ಕೇಳಲಿ ಅಂತ ಯೋಚಿಸುತ್ತಿದ್ದೇನೆ.